ಬಾಯಿ ತೆರೆದ ತಕ್ಷಣ ಹೆಜ್ಜೆ ತಪ್ಪುವುದೇಕೆ?

ಪ್ರಶ್ನೆ: ಸರ್, ನನಗೆ 38 ವರ್ಷ. ಊರು ಕಾರ್ಕಳದ ಹತ್ತಿರ, ಇರುವುದು ಡೊಂಬಿವಲಿಯಲ್ಲಿ, ಕೆಲಸ ಮುಂಬಯಿಯ ಫೋರ್ಟ್‌ನಲ್ಲಿ. ಎಂಟು ತಿಂಗಳಿಂದ ಪ್ರತಿ ಭಾನುವಾರ ತೆಂಕುತಿಟ್ಟು (ದಕ್ಷಿಣ ಶೈಲಿಯ) ಯಕ್ಷಗಾನದ ನಾಟ್ಯ ಕಲಿಯುತ್ತಿದ್ದೇನೆ. ಅಭ್ಯಾಸಕ್ಕೆ ಅಂತ ಬೇರೆ ಸಮಯ ಸಿಗುವುದಿಲ್ಲ. ಅಡುಗೆ ಮಾಡುತ್ತಾ ಹೆಜ್ಜೆ ಹಾಕುತ್ತೇನೆ. ಟ್ರೈನಿನಲ್ಲಿ ಕ್ಲಾಸಿನ ವಿಡಿಯೊ ನೋಡುತ್ತಾ ಆಫೀಸಿನ ಮೆಸೇಜಿಗೂ ಉತ್ತರ ಕೊಡುತ್ತೇನೆ. ಬರೀ ಕುಣಿಯಲು ಹೇಳಿದರೆ ಸರಿ ಬರುತ್ತದೆ. ಪದ್ಯ ಮುಗಿದು ಅರ್ಥ (ಪಾತ್ರದ ಮಾತು) ಹೇಳಬೇಕು ಅನ್ನುವ ಹೊತ್ತಿಗೆ ಕಾಲು ಎಲ್ಲೋ, ತಾಳ ಎಲ್ಲೋ. ನನ್ನ ಮಗಳಿಗೆ 11 ವರ್ಷ, ಅವಳು ಪಕ್ಕದವಳ ಜೊತೆ ಹರಟುತ್ತಲೇ ಕುಣಿಯುತ್ತಾಳೆ. ಎರಡೆರಡು ಕೆಲಸ ಒಟ್ಟಿಗೆ ಮಾಡುತ್ತಾ ಕಲಿತದ್ದೇ ತಪ್ಪಾಯಿತಾ? ಅಥವಾ ನನಗೆ ವಯಸ್ಸಾಯಿತಾ? ದೀಪಾವಳಿ ಕಳೆದ ಮೇಲೆ ಆಟ (ಯಕ್ಷಗಾನ ಪ್ರದರ್ಶನ) ಇದೆ, ನನಗೆ ಅಭಿಮನ್ಯುವಿನ ವೇಷ.

ಉತ್ತರ: ವಯಸ್ಸಿನ ಮಾತು ಬಿಟ್ಟುಬಿಡಿ. 38 ಅನ್ನುವುದು ಹೆಜ್ಜೆ ಕಲಿಯಲು ತಡವಾದ ವಯಸ್ಸೇನಲ್ಲ. ಮಗಳು ಎಷ್ಟು ವರ್ಷದಿಂದ ಕಲಿಯುತ್ತಿದ್ದಾಳೆ ಅಂತ ನೀವು ಬರೆದಿಲ್ಲ. ನಿಮಗಿಂತ ಮೊದಲೇ ಶುರು ಮಾಡಿರಬೇಕು ಅಂತ ನನ್ನ ಊಹೆ. ಹಾಗಿದ್ದರೆ ಅವಳ ಹರಟೆಗೆ ಕಾರಣ ಎಳೆ ವಯಸ್ಸಲ್ಲ, ಆ ಹೆಜ್ಜೆಗಳು ಅವಳ ಕಾಲಿನಲ್ಲಿ ಆಗಲೇ ಕೂತಿವೆ.

ನಾನು ಮುಲುಂಡ್‌ನಲ್ಲಿ ಫಿಸಿಯೊಥೆರಪಿ ಮಾಡುವವನು. ಕೆಲಸವೇ ಜನರಿಗೆ ಚಲನೆಯನ್ನು ಮತ್ತೆ ಕಲಿಸುವುದು. ಆದರೆ ನಿಮ್ಮ ಪ್ರಶ್ನೆ ಓದಿದಾಗ ನೆನಪಾದದ್ದು ಕ್ಲಿನಿಕ್ ಅಲ್ಲ, ಮಾಟುಂಗಾದ ಒಂದು ಹೋಟೆಲಿನ ಅಡುಗೆಮನೆ. ನನ್ನ ಅಪ್ಪ ಅಲ್ಲಿ ಕೆಲಸಕ್ಕಿದ್ದರು. ಶಾಲೆ ಬಿಟ್ಟ ಮೇಲೆ ನಾನು ಒಳಗೆ ಒಂದು ಡಬ್ಬದ ಮೇಲೆ ಕೂತಿರುತ್ತಿದ್ದೆ. ಎದುರಿಗೆ ದೋಸೆ ಭಟ್ರು. ಕಾವಲಿಗೆ ನೀರು ಚಿಮುಕಿಸಿ, ಹಿಡಿಸೂಡಿಯಲ್ಲಿ ಒಂದು ಸಲ ಎಳೆದು, ಹಿಟ್ಟು ಹೊಯ್ದು, ತಿರುವಿ ಹರಡಿ, ಅಂಚಿಗೆ ಎಣ್ಣೆ ಬಿಟ್ಟು, ಮತ್ತೆ ಮೊದಲನೆಯ ದೋಸೆಗೆ ಕೈ. ಇಷ್ಟೂ ಹೊತ್ತು ಬಾಯಿ ಮಾತ್ರ ಊರಿನ ಸುದ್ದಿಯಲ್ಲಿ. ಯಾರ ಮನೆಯಲ್ಲಿ ಮದುವೆ, ಯಾರ ಗದ್ದೆ ಮಾರಾಟ ಆಯಿತು. ಮಧ್ಯೆ ಸಪ್ಲೈಯರ್ ಕೂಗಿದ ಆರ್ಡರನ್ನೂ ಹಿಡಿದುಕೊಳ್ಳುತ್ತಿದ್ದರು.

ಒಮ್ಮೆ ಹಳೆ ಕಾವಲಿ ತೆಗೆದು ಹೊಸದು ಹಾಕಿದರು. ಶಾಖ ಒಂದು ಮೂಲೆಗೆ ಜಾಸ್ತಿ ಬರುತ್ತಿತ್ತು. ಆವತ್ತು ಭಟ್ರು ಒಂದು ಮಾತೂ ಆಡಲಿಲ್ಲ. ಸಪ್ಲೈಯರ್ ಬಂದು ‘ಎರಡು ಮಸಾಲೆ, ಒಂದು ಸೆಟ್’ ಅಂದರೆ ಎಡಗೈ ಎತ್ತಿ ‘ತಡಿ’ ಅನ್ನುವಂತೆ ನಿಲ್ಲಿಸುತ್ತಿದ್ದರು. ಮರುದಿನವೂ ಹಾಗೇ. ಮೂರನೇ ದಿನ ಸಂಜೆ ನನ್ನತ್ತ ತಿರುಗದೆಯೇ ‘ಊರಲ್ಲಿ ಮಳೆ ಬಂತಂತಾ?’ ಅಂತ ಕೇಳಿದರು. ಅಪ್ಪ ನಕ್ಕು, ‘ಭಟ್ರು ಬಾಯಿ ಬಿಟ್ರು, ಇನ್ನು ದೋಸೆ ಸರಿ ಬರ್ತದೆ’ ಅಂದರು.

ಎಷ್ಟೋ ವರ್ಷದ ಮೇಲೆ ಕಾಲೇಜಿನಲ್ಲಿ ನಾನು ಓದಿದ್ದು ಇದನ್ನೇ. 1967ರಲ್ಲಿ ಫಿಟ್ಸ್ ಮತ್ತು ಪೋಸ್ನರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಕೌಶಲ ಕಲಿಯುವುದನ್ನು ಮೂರು ಹಂತವಾಗಿ ವಿವರಿಸಿದರು. ಮೊದಲು ಪ್ರತಿ ಹೆಜ್ಜೆಯನ್ನೂ ಯೋಚಿಸಿ ಇಡುತ್ತೇವೆ. ಆಮೇಲೆ ಒಂದು ಹೆಜ್ಜೆ ಇನ್ನೊಂದಕ್ಕೆ ಅಂಟಿಕೊಳ್ಳುತ್ತಾ ಹೋಗುತ್ತದೆ. ಕೊನೆಗೆ ಯೋಚನೆಯ ಹಂಗಿಲ್ಲದೆ ತಾನಾಗಿ ಬರುತ್ತದೆ. ಭಟ್ರು ಹೊಸ ಕಾವಲಿಯ ಎದುರು ಎರಡು ದಿನ ಕೊನೆಯ ಹಂತದಿಂದ ಕೆಳಗೆ ಇಳಿದಿದ್ದರು. ಅವರ ಮೌನವೇ ಅದರ ಗುರುತು.

ನಮ್ಮ ಮುಂಬಯಿಯವರಿಗೆ ಇದನ್ನು ಲೋಕಲ್ ಟ್ರೈನಿನ ಲೆಕ್ಕದಲ್ಲಿ ಹೇಳುತ್ತೇನೆ. ಮನಸ್ಸಿನಲ್ಲಿ ‘ಈಗ ಏನು ಮಾಡಬೇಕು’ ಅಂತ ತೀರ್ಮಾನಿಸುವ ಟಿಕೆಟ್ ಕಿಟಕಿ ಹೆಚ್ಚುಕಡಿಮೆ ಒಂದೇ. ಎರಡು ತೀರ್ಮಾನಗಳು ಒಟ್ಟಿಗೆ ಬಂದರೆ ಒಂದು ಕ್ಯೂನಲ್ಲಿ ನಿಲ್ಲಲೇಬೇಕು. ಎರಡು ಸೂಚನೆಗಳನ್ನು ಬೆನ್ನುಬೆನ್ನಿಗೆ ಕೊಟ್ಟರೆ ಎರಡನೆಯದರ ಉತ್ತರ ತಡವಾಗುತ್ತದೆ ಅಂತ 1931ರಷ್ಟು ಹಿಂದೆಯೇ ಟೆಲ್ಫೋರ್ಡ್ ತೋರಿಸಿದ್ದರು. ಆದರೆ ಪಾಸ್ ಇದ್ದವರು ಕಿಟಕಿಯ ಹತ್ತಿರ ಹೋಗುವುದೇ ಇಲ್ಲ, ಅಲ್ವಾ? ಚೆನ್ನಾಗಿ ಕೂತ ಹೆಜ್ಜೆ ಪಾಸ್ ಇದ್ದ ಪ್ರಯಾಣಿಕನ ಹಾಗೆ. ನಿಮ್ಮ ಮಗಳ ಹೆಜ್ಜೆಗೆ ಪಾಸ್ ಇದೆ. ನಿಮ್ಮದು ಇನ್ನೂ ದಿನಾ ಟಿಕೆಟ್ ತೆಗೆದುಕೊಳ್ಳುತ್ತಿದೆ.

ಈಗ ನಿಮ್ಮ ದೊಡ್ಡ ಪ್ರಶ್ನೆ. ಎರಡು ಕೆಲಸ ಮಾಡುತ್ತಾ ಕಲಿತರೆ ಕಲಿಕೆಯೇ ಕೆಡುತ್ತದಾ?

1987ರಲ್ಲಿ ಮೇರಿ ಜೋ ನಿಸ್ಸೆನ್ ಮತ್ತು ಪೀಟರ್ ಬುಲೆಮರ್ ಮಾಡಿದ ಪ್ರಯೋಗ ಈ ವಿಷಯಕ್ಕೆ ಬುನಾದಿ. ಪರದೆಯ ಮೇಲೆ ನಾಲ್ಕು ಜಾಗ. ಒಂದರಲ್ಲಿ ದೀಪ ಹೊತ್ತಿದರೆ ಅದರ ಕೆಳಗಿನ ಗುಂಡಿ ಒತ್ತಬೇಕು. ಅಷ್ಟೇ. ಒತ್ತುವವರಿಗೆ ಹೇಳದೇ ಇದ್ದ ಗುಟ್ಟು ಏನೆಂದರೆ, ದೀಪಗಳು 10 ಹೆಜ್ಜೆಯ ಒಂದೇ ಸರಣಿಯಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಒತ್ತುತ್ತಾ ಒತ್ತುತ್ತಾ ಬೆರಳು ಚುರುಕಾಗುತ್ತಾ ಹೋಯಿತು, ಅಂದರೆ ಕೈ ಸರಣಿಯನ್ನು ಕಲಿತಿತ್ತು. ಇನ್ನು ಕೆಲವರಿಗೆ ಜೊತೆಗೆ ಇನ್ನೊಂದು ಕೆಲಸ ಕೊಟ್ಟರು: ಸಣ್ಣ ದನಿಯ ಮತ್ತು ದಪ್ಪ ದನಿಯ ಸದ್ದು ಕೇಳಿಸುತ್ತದೆ, ಒಂದು ಬಗೆಯದನ್ನು ಮಾತ್ರ ಎಣಿಸುತ್ತಾ ಹೋಗಬೇಕು. ಇವರಲ್ಲಿ ಸರಣಿ ಕಲಿತ ಲಕ್ಷಣವೇ ಕಾಣಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ‘ಎರಡು ಕೆಲಸ ಬೇಡವೇ ಬೇಡ’ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಕತೆ ಅಷ್ಟು ಸರಳವಲ್ಲ. ಮುಂದೆ 1998ರಲ್ಲಿ ಪೀಟರ್ ಫ್ರೆನ್ಶ್ ಮತ್ತು ಜೊತೆಗಾರರು ಬೇರೆ ರೀತಿಯಲ್ಲಿ ಕೇಳಿದರು. ಎಣಿಸುತ್ತಾ ಕಲಿತವರನ್ನು ಎಣಿಕೆ ಇಲ್ಲದೆ ಪರೀಕ್ಷೆ ಮಾಡಿದರೆ? ಆಗ ನೋಡಿದರೆ ಅವರಿಗೂ ಸರಣಿ ಸಾಕಷ್ಟು ಬರುತ್ತಿತ್ತು. ಕಲಿತಿದ್ದರು, ಎಣಿಸುವ ಗದ್ದಲದಲ್ಲಿ ತೋರಿಸಲು ಆಗಿರಲಿಲ್ಲ. ಇದನ್ನು ಎಲ್ಲರೂ ಒಪ್ಪಲಿಲ್ಲ. 2002ರಲ್ಲಿ ಶ್ಯಾಂಕ್ಸ್ ಮತ್ತು ಚಾನನ್ ಅವರ ಪ್ರಯೋಗದಲ್ಲಿ ಕಲಿಕೆಗೇ ಪೆಟ್ಟು ಬಿದ್ದದ್ದು ಕಂಡಿತು. ನನ್ನ ಅಭಿಪ್ರಾಯ ಕೇಳಿದರೆ, ಎರಡೂ ನಿಜ. ಗಮನ ಹಂಚಿದಾಗ ಕಲಿಕೆ ಸ್ವಲ್ಪ ಸೊರಗುತ್ತದೆ, ಕಲಿತದ್ದನ್ನು ತೋರಿಸುವುದು ಅದಕ್ಕಿಂತ ಜಾಸ್ತಿ ಸೊರಗುತ್ತದೆ. ಕ್ಲಿನಿಕ್‌ನಲ್ಲಿ ದಿನಾ ನೋಡುವುದೂ ಹೀಗೆಯೇ. ಹಾಗಾಗಿ ನಿಮ್ಮ ಎಂಟು ತಿಂಗಳು ನೀರಿಗೆ ಹೋಯಿತು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಬರೀ ಕುಣಿದರೆ ಸರಿ ಬರುತ್ತದೆ ಅಂತ ನೀವೇ ಬರೆದಿದ್ದೀರಿ. ಹೆಜ್ಜೆ ಒಳಗೆ ಇದೆ.

ಅದಕ್ಕಿಂತ ಮುಖ್ಯವಾದ ವಿಷಯ ಒಂದಿದೆ. ಎರಡನೇ ಕೆಲಸ ಎಂಥದ್ದು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಮೈಕೆಲ್ ಸ್ಟಾಡ್ಲರ್ 1995ರಲ್ಲಿ ಅದೇ ಗುಂಡಿ ಒತ್ತುವ ಪ್ರಯೋಗದಲ್ಲಿ ಎಣಿಕೆಯನ್ನು ತೆಗೆದುಹಾಕಿ, ಮಧ್ಯೆ ಮಧ್ಯೆ ಹೊತ್ತುಗೊತ್ತಿಲ್ಲದ ನಿಲುಗಡೆ ಇಟ್ಟು ನೋಡಿದರು. ತಲೆಗೆ ಹೆಚ್ಚಿನ ಕೆಲಸ ಏನೂ ಇಲ್ಲ, ಸುಮ್ನೆ ಆಗಾಗ ಕಾಯಬೇಕು. ಅಷ್ಟಕ್ಕೇ ಕಲಿಕೆ ಕೆಟ್ಟಿತು. ಅಂದರೆ ಸರಣಿ ತುಂಡು ತುಂಡಾದರೆ ಒಂದು ಹೆಜ್ಜೆ ಇನ್ನೊಂದಕ್ಕೆ ಅಂಟುವುದಿಲ್ಲ. ಈಗ ನಿಮ್ಮ ಅಡುಗೆಮನೆ ನೆನಪಿಸಿಕೊಳ್ಳಿ. ಒಗ್ಗರಣೆ ಸಿಡಿಯಿತು, ನಿಂತಿರಿ. ಕುಕ್ಕರ್ ಮೂರನೇ ಸೀಟಿ ಹೊಡೆಯಿತು, ಓಡಿದಿರಿ. ವಾಪಸ್ ಬಂದು ಮತ್ತೆ ಮೊದಲಿನಿಂದ. ಹೀಗೆ ಮಾಡಿದಾಗ ಶುರುವಿನ ನಾಲ್ಕು ಹೆಜ್ಜೆ ನೂರು ಸಲ ಆಗುತ್ತದೆ, ಕೊನೆಯ ಬಿಡ್ತಿಗೆ (ಪದ್ಯ ಮುಗಿಸುವ ಕುಣಿತ) ಐದು ಸಲವೂ ಆಗುವುದಿಲ್ಲ. ನೀವು ತಪ್ಪುವುದು ಎಲ್ಲಿ? ಪದ್ಯ ಮುಗಿಯುವಲ್ಲಿ. ಇದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ. (ಬಿಸಿ ಎಣ್ಣೆಯ ಹತ್ತಿರ ಧೀಂಗಿಣದ, ಅಂದರೆ ಹಾರಿ ಸುತ್ತುವ ಕುಣಿತದ, ಅಭ್ಯಾಸ ಬೇಡ. ಇದನ್ನು ಫಿಸಿಯೊಥೆರಪಿಯವನಾಗಿ ಹೇಳುತ್ತಿದ್ದೇನೆ.)

ಇನ್ನೊಂದು ಪ್ರಯೋಗ ನನಗೆ ಬಹಳ ಇಷ್ಟ. 1997ರಲ್ಲಿ ಶ್ಮಿಟ್ಕೆ ಮತ್ತು ಹಾಯರ್ ದೀಪಗಳ ಸರಣಿಯನ್ನು 6 ಹೆಜ್ಜೆಯದು ಮಾಡಿ, ಸದ್ದುಗಳಿಗೂ ಒಂದು ಸರಣಿ ಇಟ್ಟರು. ಒಂದು ಗುಂಪಿಗೆ ಸದ್ದಿನ ಸರಣಿಯೂ 6, ಇನ್ನೊಂದಕ್ಕೆ 5, ಮತ್ತೊಂದಕ್ಕೆ ಸದ್ದು ಹೇಗೆಂದರೆ ಹಾಗೆ. ಎರಡೂ 6 ಇದ್ದಾಗ ಕಲಿಕೆ ಚೆನ್ನಾಗಿತ್ತು. ಯಾಕೆಂದರೆ ಎರಡೂ ಒಂದೇ ಸುತ್ತಿನಲ್ಲಿ ತಿರುಗಿ, ಬೆರೆತು ಒಂದೇ ಪಾಠವಾಗಿಬಿಟ್ಟವು. 6ಕ್ಕೆ 5 ಕೂಡಿಸಿದಾಗ ಒಂದು ಇನ್ನೊಂದನ್ನು ಎಳೆದಾಡಿತು.

ಯಕ್ಷಗಾನ ಕಲಿಸುವವರಿಗೆ ಇದು ಪ್ರಯೋಗಶಾಲೆ ಇಲ್ಲದೆಯೇ ಗೊತ್ತು. ಬಾಯಿತಾಳ (ತಾಳದ ಅಕ್ಷರಗಳನ್ನು ಬಾಯಲ್ಲಿ) ಹೇಳುತ್ತಾ ಹೆಜ್ಜೆ ಹಾಕಿಸುವುದು ಯಾಕೆ? ಬಾಯಿಗೂ ಕಾಲಿಗೂ ಕೆಲಸ, ಲೆಕ್ಕಕ್ಕೆ ಎರಡು. ಆದರೆ ಏಕತಾಳದ ನಾಲ್ಕಕ್ಷರ ಬಾಯಲ್ಲೂ ನಾಲ್ಕೇ, ಕಾಲಲ್ಲೂ ನಾಲ್ಕೇ. ತ್ರಿವುಡೆಯ ಏಳು ಎರಡು ಕಡೆಯೂ ಏಳೇ. ಬಾಯಿ ಕಾಲನ್ನು ತಡೆಯುವುದಿಲ್ಲ, ಕೈಹಿಡಿದು ನಡೆಸುತ್ತದೆ. ಬಾಯಿ ತೆರೆದದ್ದೇ ನಿಮ್ಮ ತೊಂದರೆ ಅಲ್ಲ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಬಾಯಿ ಬೇರೆ ಸುತ್ತಿನಲ್ಲಿ ತಿರುಗುವುದು ತೊಂದರೆ. ಹಾಲ್‌ನಲ್ಲಿ ಟಿವಿಯ ಹಾಡು ಓಡುತ್ತಿರುವಾಗ ಅಭ್ಯಾಸ ಮಾಡಿದರೆ 6ಕ್ಕೆ 5 ಕೂಡಿಸಿದ ಹಾಗೆಯೇ.

ಹಾಗಾದರೆ ಅರ್ಥ ಹೇಳುವಾಗ ಏನಾಗುತ್ತಿದೆ? ಯಕ್ಷಗಾನದಲ್ಲಿ ಕುಣಿತ ಮತ್ತು ಮಾತು ಒಟ್ಟಿಗೆ ಬರುವುದು ಕಡಿಮೆ. ಭಾಗವತರು ಪದ್ಯ ಹೇಳುತ್ತಾರೆ, ನೀವು ಕುಣಿಯುತ್ತೀರಿ. ಪದ್ಯ ನಿಂತ ಮೇಲೆ ಅರ್ಥ ಶುರು. ಆದರೂ ನಿಮ್ಮ ಹೆಜ್ಜೆ ತಪ್ಪುವುದು ಮಾತು ಶುರುವಾಗುವ ಮೊದಲೇ, ಕೊನೆಯ ಬಿಡ್ತಿಗೆಯಲ್ಲಿ. ಯಾಕೆಂದರೆ ಆ ಹೊತ್ತಿಗೆ ಮನಸ್ಸು ಆಗಲೇ ಮುಂದೆ ಓಡಿದೆ. ‘ಏನಂತ ಶುರು ಮಾಡಲಿ’ ಅಂತ ವಾಕ್ಯ ಕಟ್ಟುತ್ತಿದೆ. ಕಿಟಕಿಯಲ್ಲಿ ವಾಕ್ಯ ನಿಂತಿದೆ, ಹಿಂದೆ ಹೆಜ್ಜೆ ಕಾಯುತ್ತಿದೆ. ಹೊರಗಿನಿಂದ ನೋಡುವವರಿಗೆ ಒಂದೇ ಕೆಲಸ ಕಾಣುತ್ತದೆ, ಒಳಗೆ ಎರಡು ನಡೆಯುತ್ತಿವೆ.

ಇದಕ್ಕೆ ಒಂದು ಸುಲಭದ ದಾರಿ ಇದೆ. ಪ್ರತಿ ಪದ್ಯದ ಅರ್ಥದ ಮೊದಲ ವಾಕ್ಯವನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರಬೇಕು, ಅಷ್ಟು. ಉಳಿದದ್ದನ್ನು ಆಮೇಲೆ ಸ್ವಂತವಾಗಿ ಬೆಳೆಸಿ, ಅದೇ ತಾನೇ ಅರ್ಥಗಾರಿಕೆಯ ಸೊಗಸು. ಮೊದಲ ವಾಕ್ಯಕ್ಕೂ ಒಂದು ಪಾಸ್ ಇದ್ದರೆ ಬಿಡ್ತಿಗೆಯ ಹೊತ್ತಿಗೆ ಕಿಟಕಿ ಖಾಲಿ ಇರುತ್ತದೆ.

ಮನೆಯ ಅಭ್ಯಾಸದ ಬಗ್ಗೆ ಹೇಳುತ್ತೇನೆ. ದಿನಕ್ಕೆ ಹತ್ತು ನಿಮಿಷ ಸಾಕು, ಆದರೆ ಆ ಹತ್ತು ನಿಮಿಷ ಬೇರೆ ಏನೂ ಬೇಡ. ಬರಿಗಾಲಲ್ಲಿ ನಿಲ್ಲಿ. ಚೆಂಡೆ ಮದ್ದಳೆಯ ರೆಕಾರ್ಡಿಂಗ್ ಫೋನ್‌ನಲ್ಲೇ ಇದ್ದರೆ ಏರೋಪ್ಲೇನ್ ಮೋಡ್‌ಗೆ ಹಾಕಿ, ಮೆಸೇಜಿನ ಒಂದು ‘ಟಿಂಗ್’ ಕೂಡ ಸುತ್ತನ್ನು ಒಡೆಯುತ್ತದೆ. ಶುರು ಮಾಡಿದ ಸುತ್ತನ್ನು ಮುಗಿಸಿಯೇ ನಿಲ್ಲಿಸಿ. ಮಧ್ಯೆ ತಪ್ಪಿದರೂ ನಿಲ್ಲಬೇಡಿ, ಮುಂದಿನ ಆವರ್ತದಲ್ಲಿ ಸೇರಿಕೊಳ್ಳಿ. ವಾರದಲ್ಲಿ ಎರಡು ದಿನ ಕೊನೆಯ ಭಾಗದಿಂದಲೇ ಶುರು ಮಾಡಿ: ಬಿಡ್ತಿಗೆ, ನಿಲುಗಡೆ, ಮೊದಲ ವಾಕ್ಯ. ಮತ್ತೆ ಬಿಡ್ತಿಗೆ, ನಿಲುಗಡೆ, ಮೊದಲ ವಾಕ್ಯ. ಆ ಕೀಲು ಸಡಿಲವಾಗಿದೆ, ಅಲ್ಲಿಗೇ ಎಣ್ಣೆ ಹಾಕಬೇಕು.

ಟ್ರೈನಿನ ವಿಡಿಯೊ ಬಗ್ಗೆ ನನ್ನ ಮಾತು ಸ್ವಲ್ಪ ಖಾರ ಅನ್ನಿಸಬಹುದು. ಮೆಸೇಜಿಗೆ ಉತ್ತರ ಕೊಡುತ್ತಾ ವಿಡಿಯೊ ನೋಡುವುದು ಅಭ್ಯಾಸ ಅಲ್ಲ. ನೋಡಿದ್ದನ್ನೇ ನೋಡಿದಾಗ ಗುರುತು ಸಿಗುತ್ತದೆ, ‘ಇದು ನನಗೆ ಗೊತ್ತು’ ಅನ್ನಿಸುತ್ತದೆ. ಗುರುತು ಸಿಗುವುದು ಬೇರೆ, ಕಾಲಿಗೆ ಬರುವುದು ಬೇರೆ. ಸೀಟು ಸಿಕ್ಕಿದ ದಿನ ಕಲ್ಯಾಣ್ ಕಡೆಯ ಗಲಾಟೆ ಏನೇ ಇರಲಿ, ಠಾಣೆಯಿಂದ ಘಾಟ್ಕೋಪರ್ ವರೆಗೆ ಕಣ್ಣು ಮುಚ್ಚಿ ಒಂದು ಪದ್ಯವನ್ನು ಮನಸ್ಸಿನಲ್ಲೇ ಕುಣಿಯಿರಿ. ಮನಸ್ಸಿನಲ್ಲಿ ಮಾಡುವ ಅಭ್ಯಾಸ ಮೈಯಿಂದ ಮಾಡಿದಷ್ಟು ಫಲ ಕೊಡದಿದ್ದರೂ ನಿಜವಾಗಿ ಕೆಲಸ ಮಾಡುತ್ತದೆ. ಮೆಸೇಜುಗಳನ್ನು ಘಾಟ್ಕೋಪರ್ ದಾಟಿದ ಮೇಲೆ ನೋಡಿ. ಎರಡೂ ಕೆಲಸ ಆಗುತ್ತದೆ, ಒಂದಾದ ಮೇಲೆ ಒಂದು.

ಹೀಗೆ ಬರೀ ಹೆಜ್ಜೆಯನ್ನೇ ಕಲಿತು ಆಟದ ದಿನ ರಂಗಸ್ಥಳಕ್ಕೆ ಹೋಗಬಹುದಾ? ಬೇಡ. 2015ರಲ್ಲಿ ಸಾಂಗ್ ಮತ್ತು ಬೆಡಾರ್ ಒಂದು ಅಚ್ಚರಿಯ ಫಲಿತಾಂಶ ಪ್ರಕಟಿಸಿದರು. ಅದು ಹೆಜ್ಜೆಯ ಸರಣಿಯಲ್ಲ, ಗುರಿಯತ್ತ ಕೈ ಚಾಚುವ ಚಲನೆಯನ್ನು ಹೊಸ ರೀತಿಗೆ ಒಗ್ಗಿಸಿಕೊಳ್ಳುವ ಪ್ರಯೋಗ. ಗಮನ ಹಂಚುವ ಇನ್ನೊಂದು ಕೆಲಸದ ಜೊತೆ ಕಲಿತವರಿಗೆ, ಮುಂದೆ ಅಂಥದ್ದೇ ಕೆಲಸ ಜೊತೆಗಿದ್ದಾಗಲೇ ಕಲಿತದ್ದು ಚೆನ್ನಾಗಿ ನೆನಪಾಯಿತು. ಅದನ್ನು ತೆಗೆದಾಗ ನೆನಪು ಮಸುಕಾಯಿತು. ಕಲಿತ ಪರಿಸ್ಥಿತಿಯೂ ಕಲಿಕೆಯ ಒಂದು ಭಾಗ. ಹಾಗಾಗಿ ಹೆಜ್ಜೆ ಕೂತ ಮೇಲೆ ಮಾತು, ಗೆಜ್ಜೆ, ಎದುರು ವೇಷ, ಎಲ್ಲವನ್ನೂ ಒಂದೊಂದಾಗಿ ಸೇರಿಸುತ್ತಾ ಬರಬೇಕು. ಸೇರಿಸುವುದು ರಂಗದಲ್ಲಿ ಬರುವಂಥದ್ದನ್ನೇ ಆಗಿರಲಿ. ಅಭಿಮನ್ಯುವಿಗೆ ಚಕ್ರವ್ಯೂಹದಲ್ಲಿ ಕುಕ್ಕರ್ ಸೀಟಿ ಕೇಳಿಸುವುದಿಲ್ಲ.

ಹೆಜ್ಜೆ ಕೂತಿದೆ ಅಂತ ತಿಳಿಯುವುದು ಹೇಗೆ? ಭಟ್ರನ್ನು ನೆನಪಿಸಿಕೊಳ್ಳಿ. ನೀವು ಕುಣಿಯುವಾಗ ಯಾರಾದರೂ ‘ನಾಳೆ ತಿಂಡಿ ಏನು?’ ಅಂತ ಕೇಳಲಿ. ತಾಳ ಬಿಡದೆ ‘ಉಪ್ಪಿಟ್ಟು’ ಅಂತ ಬಾಯಿಗೆ ಬಂದರೆ ಕೂತಿದೆ. ಕಾಲು ನಿಂತರೆ, ಅಥವಾ ಉತ್ತರ ಬಿಡ್ತಿಗೆ ಮುಗಿಯುವ ತನಕ ಕಾದರೆ, ಇನ್ನೂ ನಾಲ್ಕು ದಿನ ಬೇಕು. ನಾನು ವಯಸ್ಸಾದವರನ್ನು ನಡೆಸುವಾಗ ಬೇಕೆಂದೇ ಮಾತಾಡಿಸುತ್ತೇನೆ. ಸ್ವೀಡನ್ನಿನ ಒಂದು ವೃದ್ಧರ ವಸತಿಯಲ್ಲಿ 58 ಜನರನ್ನು ಹೀಗೆ ಗಮನಿಸಿ 1997ರಲ್ಲಿ ವರದಿ ಮಾಡಿದ್ದರು. ಮಾತಾಡಿಸಿದರೆ ನಡಿಗೆ ನಿಲ್ಲಿಸುತ್ತಿದ್ದ 12 ಮಂದಿಯಲ್ಲಿ 10 ಮಂದಿ ಮುಂದಿನ ಆರು ತಿಂಗಳಲ್ಲಿ ಬಿದ್ದಿದ್ದರು. ನಿಮ್ಮ ಮನೆಯ ಹಿರಿಯರಲ್ಲೂ ಇದನ್ನು ಒಮ್ಮೆ ಗಮನಿಸಿ. ಮಾತು ಕೇಳಿದ ಕೂಡಲೇ ಗೋಡೆ ಹಿಡಿದು ನಿಲ್ಲುವವರಿಗೆ ನಡೆಯುವಾಗ ಫೋನ್ ಕೊಡಬೇಡಿ.

ಕೂತ ಮೇಲೆ ಇನ್ನೊಂದು ಅಪಾಯ ಇದೆ, ಅದು ಇದಕ್ಕೆ ತೀರಾ ಉಲ್ಟಾ. ಸಿಯಾನ್ ಬೈಲಾಕ್ ಮತ್ತು ಸಂಗಡಿಗರು 2002ರಲ್ಲಿ ಫುಟ್‌ಬಾಲ್ ಆಟಗಾರರಿಗೆ ಕಂಬಗಳ ನಡುವೆ ಚೆಂಡು ಒದೆಯುತ್ತಾ ಸಾಗಲು ಹೇಳಿದರು. ಕೇಳಿಸುವ ಪದಗಳ ಮೇಲೆ ಗಮನವಿಟ್ಟಾಗ ಹೊಸಬರು ನಿಧಾನವಾದರು, ಪಳಗಿದವರಿಗೆ ಏನೂ ಆಗಲಿಲ್ಲ. ‘ಪಾದದ ಯಾವ ಬದಿ ಚೆಂಡಿಗೆ ತಾಗಿತು ಅಂತ ಗಮನಿಸುತ್ತಾ ಹೋಗಿ’ ಅಂದಾಗ ಪಳಗಿದವರ ಬಲಗಾಲು ನಿಧಾನವಾಯಿತು. ಅಷ್ಟಾಗಿ ಪಳಗದ ಅವರದೇ ಎಡಗಾಲಿಗೆ ಮಾತ್ರ ಹೀಗೆ ಗಮನಿಸಿದ್ದು ಉಪಕಾರವೇ ಆಯಿತು! ಒಬ್ಬರೇ ಮನುಷ್ಯ, ಒಂದು ಕಾಲು ಗುರು, ಇನ್ನೊಂದು ಶಿಷ್ಯ. ನಿಮ್ಮಲ್ಲೂ ಹಾಗೆಯೇ ಇರುತ್ತದೆ. ಕೆಲವು ಪದ್ಯಗಳ ಹೆಜ್ಜೆ ಕೂತಿರುತ್ತದೆ, ಕೆಲವು ಇನ್ನೂ ಎಡಗಾಲಿನ ಹಾಗೆ. ಕೂತಿರದ ಕಡೆ ಕಾಲಿನ ಮೇಲೆ ಗಮನ ಇಡಿ. ಕೂತಿರುವ ಕಡೆ ಕಾಲನ್ನು ಅದರ ಪಾಡಿಗೆ ಬಿಟ್ಟು, ಕಿವಿಯನ್ನು ಚೆಂಡೆಗೆ ಕೊಡಿ.

ಆಟದ ದಿನ ವೇಷ ಕಟ್ಟಿದ ಮೇಲೆ ತಲೆ ತಗ್ಗಿಸಿ ಕಾಲು ನೋಡಲು ಆಗುವುದಿಲ್ಲ, ನೋಡಲೂ ಬಾರದು. ಹೆಜ್ಜೆ ತಪ್ಪಿದರೆ ಭಾಗವತರ ಜಾಗಟೆಯ ಪೆಟ್ಟಿಗೆ ಕಾಯಿರಿ, ಅಲ್ಲಿಂದ ಹಿಡಿಯಿರಿ. ಅದಕ್ಕೂ ಮೊದಲು, ಸಾಧ್ಯವಾದರೆ, ಪೂರ್ತಿ ವೇಷ ಕಟ್ಟಿಕೊಂಡು ಒಂದು ಸಲವಾದರೂ ಕುಣಿಯಲು ಕ್ಲಾಸಿನಲ್ಲಿ ಕೇಳಿಕೊಳ್ಳಿ. ಭಾರ ಬಿದ್ದಾಗ ಕೂತ ಹೆಜ್ಜೆಯೂ ಒಂದೆರಡು ದಿನ ಭಟ್ರ ಹೊಸ ಕಾವಲಿಯ ಹಾಗೆ ಮೌನ ಬೇಡುತ್ತದೆ.

ಅಲ್ಲಿಯ ತನಕ ಮಗಳನ್ನು ಜೊತೆಗೆ ಸೇರಿಸಿಕೊಳ್ಳಿ. ಅವಳು ದ್ರೋಣನಾಗಲಿ, ಕರ್ಣನಾಗಲಿ. ಬಿಡ್ತಿಗೆ ಮುಗಿದ ಕೂಡಲೇ ಎದುರು ನಿಂತು ನಿಮ್ಮನ್ನು ಮಾತಿಗೆ ಎಳೆಯಲಿ. ವಾರಕ್ಕೆ ಒಂದೆರಡು ಮಾತು ಮೊದಲೇ ಹೇಳದೆ ಬದಲಾಯಿಸಲಿ. ಹರಟುತ್ತಾ ಕುಣಿಯುವ ಹುಡುಗಿಗೆ ಇದು ಖುಷಿಯ ಕೆಲಸ, ನಿಮಗೆ ಬೇಕಾಗಿರುವುದೂ ಇದೇ.